ರಕ್ತನಾಳದಲ್ಲಿ ಹರಿಯುವುದು ನೀಲಿ ರಕ್ತವಾ?

"ದೇಹದೊಳಗೆ ರಕ್ತ ನೀಲಿ, ಗಾಳಿ ಸೋಕಿದ ಕೂಡಲೇ ಕೆಂಪಾಗುತ್ತದೆ" ಎಂಬ ಫಾರ್ವರ್ಡ್ ಮತ್ತೆ ಓಡಾಡುತ್ತಿದೆ. ಇದು ನಿಜವಲ್ಲ.

ನಮ್ಮ ರಕ್ತ ಯಾವಾಗಲೂ ಕೆಂಪೇ. ಅದರಲ್ಲಿ ಆಮ್ಲಜನಕ ಹೊರುವ, ಕಬ್ಬಿಣ ಇರುವ ಹಿಮೋಗ್ಲೋಬಿನ್ ಎಂಬ ಪ್ರೋಟೀನ್‌ಗೆ ಆಮ್ಲಜನಕ ಸೇರಿದಾಗ ಹೊಳೆಯುವ ಕೆಂಪು, ಆಮ್ಲಜನಕ ಕಡಿಮೆಯಾದಾಗ ಮಬ್ಬು ಕೆಂಪು, ಅಷ್ಟೇ ವ್ಯತ್ಯಾಸ. ಪರೀಕ್ಷೆಗೆ ರಕ್ತ ತೆಗೆಯುವಾಗ ಸಿರಿಂಜಿಗೆ ಬರುವುದೂ ಕೆಂಪು ರಕ್ತವೇ. ಅದಕ್ಕಿನ್ನೂ ಹೊರಗಿನ ಗಾಳಿ ತಾಗಿರುವುದೇ ಇಲ್ಲ, ಅಲ್ವಾ?

ಹಾಗಾದರೆ ಕೈ ಮೇಲಿನ ರಕ್ತನಾಳ ನೀಲಿಯಾಗಿ ಕಾಣುವುದೇಕೆ? ಅದು ಬೆಳಕಿನ ಕೆಲಸ. ಕೆಂಪು ಬೆಳಕು ಚರ್ಮದೊಳಗೆ ಜಾಸ್ತಿ ಆಳಕ್ಕೆ ಇಳಿಯುತ್ತದೆ. ಅಲ್ಲಿರುವ ರಕ್ತ ಅದರಲ್ಲಿ ಒಂದಷ್ಟನ್ನು ಹೀರಿಕೊಳ್ಳುತ್ತದೆ. ನೀಲಿ ಬೆಳಕು ಮೇಲಿನಿಂದಲೇ ಚದುರಿ ವಾಪಸ್ ಬರುತ್ತದೆ. ಸುತ್ತಲಿನ ಚರ್ಮಕ್ಕಿಂತ ಅಲ್ಲಿ ಕೆಂಪು ಕಡಿಮೆ ಆಗುವುದರಿಂದ ಕಣ್ಣು ಅದನ್ನು ನೀಲಿ ಎಂದುಕೊಳ್ಳುತ್ತದೆ.

ನಿಜವಾದ ನೀಲಿ ರಕ್ತ ಬೇಕಿದ್ದರೆ ಆಕ್ಟೋಪಸ್ ನೋಡಬೇಕು. ಅದರಲ್ಲಿ ಆಮ್ಲಜನಕ ಹೊರುವುದು ನಮ್ಮಲ್ಲಿರುವಂತೆ ಕಬ್ಬಿಣವಲ್ಲ, ತಾಮ್ರ.