ಫಸ್ಟ್ ಇಯರ್‌ಗೇ ಗೇಮಿಂಗ್ ಲ್ಯಾಪ್‌ಟಾಪ್ ಬೇಕಾ?

ಸಿಇಟಿಯಲ್ಲಿ ಎಂಜಿನಿಯರಿಂಗ್ ಸೀಟು ಸಿಕ್ಕಿದ ಮರುದಿನವೇ ಮಂಗಳೂರು, ಉಡುಪಿಯ ಮನೆಗಳಲ್ಲಿ ಈ ಮಾತು ಶುರುವಾಗುತ್ತದೆ. ಗ್ರಾಫಿಕ್ಸ್ ಕಾರ್ಡ್ ಇರುವ ದಪ್ಪ ಲ್ಯಾಪ್‌ಟಾಪನ್ನು ಈಗಲೇ ಕೊಡಿಸುವುದಾ, ಸಾದಾ ಹಗುರದ್ದು ಸಾಕಾ? ಮೆಕ್ಯಾನಿಕಲ್ ಓದಿ ಮಂಗಳೂರಿನಲ್ಲಿ ಡಿಸೈನ್ ಕೆಲಸ ಮಾಡುವ ಒಬ್ಬರು ಮತ್ತು ಮಗನನ್ನು ಈಚೆಗೆ ಕಾಲೇಜಿಗೆ ಸೇರಿಸಿದ ಬ್ರಹ್ಮಾವರದ ಒಬ್ಬ ತಂದೆ ಇಲ್ಲಿ ಬರೆದಿದ್ದಾರೆ.

ಪರ: ಎರಡು ಸಲ ಯಾಕೆ ಕೊಳ್ಳಬೇಕು?

ನನ್ನ ಏಳನೇ ಸೆಮಿಸ್ಟರಿನ ಒಂದು ರಾತ್ರಿ ಇನ್ನೂ ಮರೆತಿಲ್ಲ. ಬೆಳಗಾದರೆ ಪ್ರಾಜೆಕ್ಟ್ ರಿವ್ಯೂ. ಅಡಿಕೆ ಸುಲಿಯುವ ಯಂತ್ರದ ಅಸೆಂಬ್ಲಿ, ಇನ್ನೂರಕ್ಕೂ ಜಾಸ್ತಿ ಪಾರ್ಟು. ನನ್ನದು 8 ಜಿಬಿ ರ‍್ಯಾಮಿನ ಸಾದಾ ಲ್ಯಾಪ್‌ಟಾಪ್. ಮಾಡೆಲನ್ನು ಸ್ವಲ್ಪ ತಿರುಗಿಸಿದರೆ ಸಾಕು, ಪರದೆ ಬೆಳ್ಳಗಾಗಿ ‘ನಾಟ್ ರೆಸ್ಪಾಂಡಿಂಗ್’ ಅಂತ ಬರುತ್ತಿತ್ತು. ಒಂದು ಬೋಲ್ಟ್ ಸರಿ ಮಾಡುವುದು, ಸೇವ್ ಒತ್ತುವುದು, ಫ್ಯಾನಿನ ಸದ್ದು ಇಳಿಯುವ ತನಕ ಕಾಯುವುದು. ಕಾಲೇಜಿನ ಲ್ಯಾಬಿಗೆ ಸಂಜೆ ಐದಕ್ಕೇ ಬೀಗ. ಕೊನೆಗೆ ರಾತ್ರಿ ಎರಡೂವರೆಗೆ ಪಕ್ಕದ ರೂಮಿನ ಗೆಳತಿಯನ್ನು ಎಬ್ಬಿಸಿ ಅವಳ ಲ್ಯಾಪ್‌ಟಾಪಿನಲ್ಲಿ ಕೆಲಸ ಮುಗಿಸಿದೆ. ಅವಳಿಗೂ ಮರುದಿನ ರಿವ್ಯೂ ಇತ್ತು.

ಎಸ್‌ಎಸ್‌ಡಿ ಆಮೇಲೆ ಬದಲಿಸಬಹುದು. ಗ್ರಾಫಿಕ್ಸ್ ಚಿಪ್ಪು ಹಾಗಲ್ಲ. ಅದು ಸಾಮಾನ್ಯವಾಗಿ ಬೋರ್ಡಿಗೇ ಬೆಸುಗೆ ಹಾಕಿರುವಂಥದ್ದು, ಬೇಕೆನಿಸಿದಾಗ ಕೂರಿಸಲು ಬರುವುದಿಲ್ಲ. ತೆಳ್ಳಗಿನ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ರ‍್ಯಾಮ್ ಕೂಡ ಬೆಸುಗೆಯದ್ದೇ. ಇದನ್ನು ಅಂಗಡಿಯಲ್ಲಿ ಕೇಳಿಯೇ ತಿಳಿದುಕೊಳ್ಳಬೇಕು. ಗೇಮಿಂಗ್ ಮಾಡೆಲ್‌ಗಳಲ್ಲಿ ಹೆಚ್ಚಾಗಿ ಎರಡು ಸ್ಲಾಟ್ ಇರುತ್ತವೆ. ಈಗ 16 ಜಿಬಿ ತೆಗೆದುಕೊಂಡು, ಮೂರನೇ ವರ್ಷ ಬೇಕಾದರೆ 32 ಮಾಡಿಕೊಳ್ಳಬಹುದು.

ದಪ್ಪ ಇರುವುದಕ್ಕೂ ಕಾರಣವಿದೆ. ಒಳಗೆ ದೊಡ್ಡ ಫ್ಯಾನ್, ಬಿಸಿ ಸಾಗಿಸುವ ತಾಮ್ರದ ಕೊಳವೆಗಳು. ಯಂತ್ರ ಹೇಗೆ ನಡೆದುಕೊಳ್ಳುತ್ತದೆ ಅಂತ ಲೆಕ್ಕ ಹಾಕುವ ಸಿಮ್ಯುಲೇಶನ್ ಎರಡು ಗಂಟೆ ಓಡಿದರೆ ತೆಳ್ಳಗಿನ ಲ್ಯಾಪ್‌ಟಾಪ್ ಬಿಸಿಯಾಗಿ ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಏಪ್ರಿಲ್, ಮೇ ತಿಂಗಳ ನಮ್ಮ ಸೆಖೆಯಲ್ಲಂತೂ ಕೇಳುವುದೇ ಬೇಡ.

ಕಂಪ್ಯೂಟರ್ ಸೈನ್ಸ್, ಎಐ ತೆಗೆದುಕೊಂಡವರಿಗೂ ಇದು ಬೇಕು. ಮೆಷಿನ್ ಲರ್ನಿಂಗ್ ಕಲಿಕೆಯಲ್ಲಿ ಹೆಚ್ಚಾಗಿ ಬಳಸುವ, ಗ್ರಾಫಿಕ್ಸ್ ಕಾರ್ಡಿನಲ್ಲಿ ಲೆಕ್ಕ ಓಡಿಸುವ ‘ಕುಡಾ’ ಸಾಫ್ಟ್‌ವೇರಿಗೆ ಎನ್‌ವಿಡಿಯಾ ಕಂಪನಿಯ ಕಾರ್ಡೇ ಆಗಬೇಕು. ಹಾಗೆಯೇ ಮ್ಯಾಕ್ ಆಸೆ ಇರುವ ಮೆಕ್ಯಾನಿಕಲ್ ಮಕ್ಕಳು ಗಮನಿಸಿ: ಸಾಲಿಡ್‌ವರ್ಕ್ಸ್, ಸಾಲಿಡ್ ಎಡ್ಜ್ ಎರಡೂ ವಿಂಡೋಸ್‌ಗೆ ಮಾಡಿದ ಡಿಸೈನ್ ಸಾಫ್ಟ್‌ವೇರ್‌ಗಳು.

‘ಗೇಮಿಂಗ್’ ಅನ್ನುವ ಹೆಸರಿಗೇ ಅಪ್ಪ-ಅಮ್ಮ ಹೆದರುತ್ತಾರೆ. ಆಡುವವರು ಮೊಬೈಲಿನಲ್ಲೂ ಆಡುತ್ತಾರೆ ಅಲ್ವಾ? ಒಳಗೆ ಏನಿದೆ ಅಂತ ನೋಡಿ, ಹೆಸರು ನೋಡಬೇಡಿ.

ವಿರೋಧ: ಮೊದಲು ತೂಕ ನೋಡಿ

ನನ್ನ ಮಗ ದಿನಾ ಬಸ್ಸಿನಲ್ಲಿ ಹೋಗಿ ಬರುವವನು. ಬ್ರಹ್ಮಾವರದಲ್ಲಿ ಹತ್ತಿ, ಉಡುಪಿಯಲ್ಲಿ ಇಳಿದು, ಅಲ್ಲಿಂದ ಇನ್ನೊಂದು ಬಸ್ಸು. ಬೆಳಿಗ್ಗೆ ಸೀಟು ಸಿಗುವುದಿಲ್ಲ.

ಅವನಿಗೂ ಗೇಮಿಂಗ್ ಲ್ಯಾಪ್‌ಟಾಪೇ ಬೇಕಿತ್ತು. ಕೊಳ್ಳುವ ಮೊದಲು ನೋಡುವ ಅಂತ ನನ್ನ ಅಣ್ಣನ ಮಗನದ್ದನ್ನು ಒಂದು ವಾರಕ್ಕೆ ತಂದುಕೊಟ್ಟೆ. ನಮ್ಮದು ದಿನಸಿ ಅಂಗಡಿ. ಸುಮ್ನೆ ತಕ್ಕಡಿಯಲ್ಲಿಟ್ಟೆ. ಲ್ಯಾಪ್‌ಟಾಪ್ 2 ಕೆ.ಜಿ. 380 ಗ್ರಾಂ, ಇಟ್ಟಿಗೆಯಂಥ ಚಾರ್ಜರ್ 690 ಗ್ರಾಂ. ಒಟ್ಟು 3 ಕೆ.ಜಿ. 70 ಗ್ರಾಂ. ಅದರ ಜೊತೆ ಬುತ್ತಿ, ನೀರು, ರೆಕಾರ್ಡ್ ಪುಸ್ತಕ, ಕೊಡೆ. ಮೂರನೇ ದಿನ ಮಗ ಚಾರ್ಜರನ್ನು ಮನೆಯಲ್ಲೇ ಬಿಟ್ಟು ಹೋದ. ಊಟದ ಹೊತ್ತಿಗೆ ಬ್ಯಾಟರಿ ಖಾಲಿ. ನಾಲ್ಕನೇ ದಿನ ಲ್ಯಾಪ್‌ಟಾಪನ್ನೇ ಬಿಟ್ಟು ಹೋದ.

ಮನೆಯಲ್ಲೂ ಬ್ಯಾಟರಿ ಮುಖ್ಯ. ಗುಡುಗು ಕೇಳಿದ ಕೂಡಲೇ ಪ್ಲಗ್ ಕಿತ್ತಿಡುವುದು ನಮ್ಮ ಕಡೆಯ ರೂಢಿ. ಸಿಡಿಲಿಗೆ ಟಿವಿ, ಮೋಡೆಮ್ ಸುಟ್ಟುಕೊಂಡವರು ಎಲ್ಲ ಊರಲ್ಲೂ ಇದ್ದಾರೆ. ಕರೆಂಟ್ ಹೋದರೆ ಯಾವಾಗ ಬರುತ್ತದೋ. ಆಗ ಎರಡು ಮೂರು ಗಂಟೆ ಬಾಳುವ ಬ್ಯಾಟರಿ ಎಷ್ಟಕ್ಕಾಗುತ್ತದೆ? ಮಳೆಯ ಲೆಕ್ಕವೂ ಇರಲಿ. ಇಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಜಾಸ್ತಿ ಮಳೆ, ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಒದ್ದೆ ಕೊಡೆ, ಒದ್ದೆ ಬ್ಯಾಗುಗಳ ನಡುವೆ ನಿಂತು ಹೋಗುವ ಹುಡುಗನ ಬೆನ್ನಿಗೆ ಅಷ್ಟು ಬೆಲೆಯ ಸಾಮಾನು ಹೊರಿಸಲು ನನಗೆ ಧೈರ್ಯ ಬರಲಿಲ್ಲ.

ಏಳನೇ ಸೆಮಿಸ್ಟರಿನ ಕಷ್ಟ ಸುಳ್ಳು ಅಂತ ನಾನು ಹೇಳುವುದಿಲ್ಲ. ಆದರೆ ಅದಕ್ಕೆ ಇನ್ನೂ ಮೂರು ವರ್ಷ ಉಂಟು. ವಿಟಿಯು ಕಾಲೇಜಿನ ಮೊದಲ ವರ್ಷ ಅಂದರೆ ಒಂದು ಸೆಮಿಸ್ಟರ್ ಫಿಸಿಕ್ಸ್ ಸೈಕಲ್, ಇನ್ನೊಂದು ಕೆಮಿಸ್ಟ್ರಿ ಸೈಕಲ್. ಸ್ವಲ್ಪ ಪ್ರೋಗ್ರಾಮಿಂಗ್, ಸ್ವಲ್ಪ ಕಂಪ್ಯೂಟರ್ ಡ್ರಾಯಿಂಗ್. ಅದಕ್ಕೆ ಗ್ರಾಫಿಕ್ಸ್ ಕಾರ್ಡ್ ಬೇಡ. ಮುಂದೆ ಬರುವ ಆನ್ಸಿಸ್ ಅನ್ನುವ ಸಿಮ್ಯುಲೇಶನ್ ಸಾಫ್ಟ್‌ವೇರಿನ ಉಚಿತ ವಿದ್ಯಾರ್ಥಿ ಆವೃತ್ತಿಯಲ್ಲಿ ಸ್ಟ್ರಕ್ಚರಲ್ (ಭಾಗಗಳ ಬಲದ) ಲೆಕ್ಕಕ್ಕೆ 1,28,000 ನೋಡ್‌ಗಳ, ಅಂದರೆ ಲೆಕ್ಕದ ಬಿಂದುಗಳ, ಮಿತಿ ಇದೆ. ಎಷ್ಟೇ ದೊಡ್ಡ ಲ್ಯಾಪ್‌ಟಾಪ್ ತಂದರೂ ಆ ಗೆರೆ ದಾಟಲಾಗದು. ಆ ಲೆಕ್ಕದ ಹೊರೆ ಬೀಳುವುದೂ ಹೆಚ್ಚಾಗಿ ಪ್ರೊಸೆಸರ್ ಮತ್ತು ರ‍್ಯಾಮಿನ ಮೇಲೆ. ಎಐ ಕಲಿಯುವವರಿಗೆ ಇಂಟರ್ನೆಟ್ ಮೂಲಕ ಬಳಸುವ ಗೂಗಲ್ ಕೊಲ್ಯಾಬ್‌ನಲ್ಲಿ ಎನ್‌ವಿಡಿಯಾದ ಟಿ4 ಗ್ರಾಫಿಕ್ಸ್ ಕಾರ್ಡ್ ಉಚಿತವಾಗಿ ಸಿಗುತ್ತದೆ, ಅದರಲ್ಲಿ 16 ಜಿಬಿ ಮೆಮೊರಿ. ಸಮಯದ ಮಿತಿ ಉಂಟು, ಬೇಕಾದಾಗಲೆಲ್ಲ ಸಿಗುತ್ತದೆ ಅಂತಲೂ ಇಲ್ಲ. ಕಲಿಯುವ ಮಕ್ಕಳಿಗೆ ಅಷ್ಟು ಸಾಕು.

ದುಡ್ಡು ತೀರಾ ಬಿಗಿ ಇರುವವರು ಸೆಕೆಂಡ್ ಹ್ಯಾಂಡ್ ನೋಡಬಹುದು. ಒಂದು ಎಚ್ಚರಿಕೆ: ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಹಾಕಲು ಬರಬೇಕಾದರೆ, ಪ್ರೊಸೆಸರ್ ಇಂಟೆಲ್ ಆದರೆ ಎಂಟನೇ ಜನರೇಶನ್ ಅಥವಾ ಅದರ ನಂತರದ್ದೇ ಇರಲಿ.

ಕೊನೆಗೆ ನಾವು ತಂದದ್ದು 14 ಇಂಚಿನದು, 1.4 ಕೆ.ಜಿ., 16 ಜಿಬಿ ರ‍್ಯಾಮ್, 512 ಜಿಬಿ ಎಸ್‌ಎಸ್‌ಡಿ. ಚಾರ್ಜರ್ 65 ವ್ಯಾಟಿನ ಟೈಪ್-ಸಿ, ಮೊಬೈಲಿಗೂ ಅದೇ ಆಗುತ್ತದೆ. ಗೇಮಿಂಗ್ ಮಾಡೆಲ್ಲಿಗೆ ಅಂತ ತೆಗೆದಿಟ್ಟ ಹಣದಲ್ಲಿ 27 ಸಾವಿರ ಉಳಿಯಿತು. ಅದು ಮಗನ ಹೆಸರಿನಲ್ಲೇ ಎಫ್‌ಡಿಯಲ್ಲಿದೆ. ಐದನೇ ಸೆಮಿಸ್ಟರಿನಲ್ಲಿ ‘ಅಪ್ಪಾ, ಇದು ಸಾಕಾಗುವುದಿಲ್ಲ’ ಅಂದರೆ ಆಗ ಅದನ್ನು ಮುರಿಸಿ ಕೊಡುತ್ತೇನೆ.