ವಾಷಿಂಗ್ಟನ್‌ನ ಹಾಸಿಗೆ ಪಕ್ಕ ನಿಂತಿದ್ದ ಕ್ರಿಸ್ಟೋಫರ್ ಶೀಲ್ಸ್

ಅಮೆರಿಕದ ಮೊದಲ ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್ ಎರಡು ಅವಧಿ ಸಾಕೆಂದು ಅಧಿಕಾರ ಬಿಟ್ಟು, 1797ರ ಮಾರ್ಚ್‌ನಲ್ಲಿ ವರ್ಜೀನಿಯಾದ ತನ್ನ ತೋಟದ ಮನೆ ಮೌಂಟ್ ವರ್ನನ್‌ಗೆ ಮರಳಿದ. ಅದನ್ನು ಎಲ್ಲರೂ ಮೆಚ್ಚುತ್ತಾರೆ, ಮೆಚ್ಚಬೇಕಾದದ್ದೇ. ಆದರೆ ಆ ನಿವೃತ್ತಿಯ ದಿನಗಳ ಕಥೆಯಲ್ಲಿ ಕ್ರಿಸ್ಟೋಫರ್ ಶೀಲ್ಸ್ ಹೆಸರು ಬರುವುದೇ ಇಲ್ಲ. ನನಗೆ ಅದು ಸಹಿಸಲಾಗದ ಅನ್ಯಾಯ.

ಶೀಲ್ಸ್ ವಾಷಿಂಗ್ಟನ್‌ನ ಕೈಯಾಳು, ಗುಲಾಮ. ಮೊದಲು ಆ ಕೆಲಸ ವಿಲಿಯಂ ಲೀಯದು. ಅಮೆರಿಕದ ಸ್ವಾತಂತ್ರ್ಯ ಯುದ್ಧದುದ್ದಕ್ಕೂ ಯಜಮಾನನ ಜೊತೆಗಿದ್ದ ಲೀಗೆ ಆಮೇಲೆ ಎರಡೂ ಮಂಡಿಚಿಪ್ಪು ಒಡೆದವು. ಆ ಜಾಗಕ್ಕೆ ಶೀಲ್ಸ್ ಬಂದ.

1797ರಲ್ಲಿ ಶೀಲ್ಸ್‌ಗೆ ಹುಚ್ಚುನಾಯಿ ಕಚ್ಚಿತು. ವಾಷಿಂಗ್ಟನ್ ಅವನನ್ನು ಪೆನ್ಸಿಲ್ವೇನಿಯಾದ ವೈದ್ಯನ ಹತ್ತಿರ ಕಳಿಸಿದ. ಅವನು ವಾಪಸ್ ಬಂದ. "ನೋಡಿ, ಎಂಥಾ ಅಕ್ಕರೆ" ಅನ್ನುವವರು ಮುಂದಿನದ್ದನ್ನೂ ಓದಬೇಕು. ಅವನು ಪಕ್ಕದ ತೋಟದ ಗುಲಾಮ ಹುಡುಗಿಯನ್ನು ಮದುವೆಯಾದ. ಅದಕ್ಕೂ ಇಬ್ಬರು ಯಜಮಾನರ ಅಪ್ಪಣೆ ಬೇಕಿತ್ತು! 1799ರ ಸೆಪ್ಟೆಂಬರ್‌ನಲ್ಲಿ ಗಂಡ ಹೆಂಡತಿ ಓಡಿಹೋಗಲು ಯೋಚಿಸಿದ್ದರು. ಒಂದು ಚೀಟಿ ಸಿಕ್ಕಿಬಿದ್ದು ಎಲ್ಲ ಬಯಲಾಯಿತು.

ಮೂರು ತಿಂಗಳಲ್ಲೇ, ಡಿಸೆಂಬರ್ 14ರಂದು ವಾಷಿಂಗ್ಟನ್ ತೀರಿಕೊಂಡ. ಆವತ್ತು ಬಹುಪಾಲು ಹೊತ್ತು ಶೀಲ್ಸ್ ಹಾಸಿಗೆ ಪಕ್ಕ ನಿಂತೇ ಇದ್ದ. ಸಾಯುತ್ತಿದ್ದವನು ಅದನ್ನು ಗಮನಿಸಿ, ಕೂತ್ಕೋ ಅಂತ ಸನ್ನೆ ಮಾಡಿದ. ಕಾರ್ಯದರ್ಶಿ ಟೋಬಿಯಾಸ್ ಲಿಯರ್ ಇದನ್ನು ಬರೆದಿಟ್ಟಿದ್ದಾನೆ.

ಉಯಿಲಿನಲ್ಲಿ ಲೀಗೆ ತಕ್ಷಣ ಬಿಡುಗಡೆ, ವರ್ಷಕ್ಕೆ 30 ಡಾಲರ್ ಸಿಕ್ಕಿತು. ವಾಷಿಂಗ್ಟನ್‌ನ ಸ್ವಂತ ಗುಲಾಮರಾಗಿದ್ದ ಉಳಿದವರಿಗೂ ಹೆಂಡತಿ ಮಾರ್ಥಾಳ ನಂತರ ಬಿಡುಗಡೆ ಅಂತ ಬರೆದಿತ್ತು. ಶೀಲ್ಸ್‌ಗೆ ಏನೂ ಇಲ್ಲ. ಅವನು ಮಾರ್ಥಾಳ ಮೊದಲ ಗಂಡ ಕಸ್ಟಿಸ್‌ನ ಆಸ್ತಿಯ ಲೆಕ್ಕದವನು; ಆ ಗುಲಾಮರು ಕಸ್ಟಿಸ್ ವಾರಸುದಾರರಿಗೇ ಹೋಗಬೇಕು, ಅವರನ್ನು ಬಿಡುವ ಹಕ್ಕು ಕಾನೂನಿನಲ್ಲಿ ವಾಷಿಂಗ್ಟನ್‌ಗೆ ಇರಲಿಲ್ಲ. ಅಂಥವರು 153 ಜನ.

ಕಾನೂನು ಕೈ ಕಟ್ಟಿತ್ತು, ಪಾಪ ಆತನಾದರೂ ಏನು ಮಾಡ್ತಾನೆ ಅಂತಾರೆ. ನಾನು ಒಪ್ಪಲ್ಲ. ಪೆನ್ಸಿಲ್ವೇನಿಯಾದ ಕಾನೂನಿನ ಪ್ರಕಾರ, ಹೊರಗಿನಿಂದ ಕರೆತಂದ ಗುಲಾಮರು ಅಲ್ಲಿ ಆರು ತಿಂಗಳು ಕಳೆದರೆ ಬಿಡುಗಡೆ ಕೇಳಬಹುದಿತ್ತು. ಅಧ್ಯಕ್ಷನಾಗಿ ಫಿಲಡೆಲ್ಫಿಯಾದಲ್ಲಿದ್ದಾಗ, ಆ ಆರು ತಿಂಗಳು ತುಂಬುವ ಮೊದಲೇ ಏನಾದರೂ ನೆಪ ಹೇಳಿ ತನ್ನ ಗುಲಾಮರನ್ನು ಪೆನ್ಸಿಲ್ವೇನಿಯಾದಾಚೆ ಕಳಿಸಬೇಕು, ಅವರಿಗೂ ಜನರಿಗೂ ಗೊತ್ತಾಗಬಾರದು ಅಂತ ಇದೇ ವಾಷಿಂಗ್ಟನ್ 1791ರಲ್ಲಿ ಲಿಯರ್‌ಗೆ ಬರೆದ. ಕಾನೂನು ಗುಲಾಮರ ಪರ ಇದ್ದಾಗ ಅದನ್ನು ದಾಟುವ ದಾರಿ ಹುಡುಕಿದ. ಅವರ ವಿರುದ್ಧ ಇದ್ದಾಗ ಅದಕ್ಕೆ ತಲೆಬಾಗಿದ. ಪಶ್ಚಿಮದಲ್ಲಿ ಸಾವಿರಾರು ಎಕರೆ ಜಮೀನಿತ್ತು, ಅದನ್ನು ಮಾರಿ ಕಸ್ಟಿಸ್ ವಾರಸುದಾರರಿಗೆ ದುಡ್ಡು ಕೊಟ್ಟು ಒಬ್ಬ ಶೀಲ್ಸ್‌ನನ್ನಾದರೂ ಬಿಡಿಸಬಹುದಿತ್ತು, ಅಲ್ವಾ?

1802ರಲ್ಲಿ ಮಾರ್ಥಾ ತೀರಿಕೊಂಡಳು. ಕಸ್ಟಿಸ್ ಲೆಕ್ಕದ ಗುಲಾಮರನ್ನೆಲ್ಲ ಅವಳ ನಾಲ್ವರು ಮೊಮ್ಮಕ್ಕಳು ಪಾಲು ಹಂಚಿಕೊಂಡರು.