ಎರಡನೇ ಸಲವೂ ಬನ್ನಿ

ನಮ್ಮ ಶಾಲೆಯಲ್ಲಿ ವಿಜ್ಞಾನದ ಸಾಮಾನು ಇಡುವ ಕಬ್ಬಿಣದ ಬೀರು ಒಂದಿದೆ. ಅದರ ಬೀಗದ ಕೈ ಹನ್ನೊಂದು ವರ್ಷ ನನ್ನ ಬ್ಯಾಗಿನಲ್ಲೇ ಇತ್ತು. ಒಳಗೆ ಬೀಕರು, ಪ್ರನಾಳ, ಎರಡು ಮಸೂರ, ಒಂದು ಗ್ಯಾಲ್ವನೋಮೀಟರ್, ಒಂದು ಜೊತೆ ದಂಡಕಾಂತ. ಎಲ್ಲವೂ ಸ್ಟಾಕ್ ರಿಜಿಸ್ಟರಿನಲ್ಲಿ ನನ್ನ ಸಹಿಯ ಮೇಲೆ ಇರುವಂಥವು. ಒಂದು ಮಸೂರ ಒಡೆದರೂ ಅದರ ಮುಂದೆ ಷರಾ ಬರೆಯಬೇಕು. ವರ್ಗವಾಗಿ ಹೋಗುವಾಗ ಚಾರ್ಜ್ ಕೊಡಬೇಕು, ಲೆಕ್ಕ ಒಪ್ಪಿಸಬೇಕು. ಹಾಗಾಗಿ ನಾನು ಮೇಜಿನ ಮೇಲಿಟ್ಟು ತೋರಿಸುತ್ತಿದ್ದೆ. ಮಕ್ಕಳು ಕೈ ಕಟ್ಟಿಕೊಂಡು ನೋಡುತ್ತಿದ್ದರು. ಯಾರಾದರೂ ಮುಟ್ಟಲು ಬಂದರೆ "ದೂರ, ದೂರ" ಅನ್ನುತ್ತಿದ್ದೆ.

ನಾನು ಹಿರಿಯೂರು ಕಡೆಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ವಿಜ್ಞಾನ ಟೀಚರ್. ವಿಶ್ವವಿದ್ಯಾಲಯದವರು, ಸಂಶೋಧನಾ ಸಂಸ್ಥೆಯವರು ಶಾಲೆಗಳಿಗೆ ಬಂದು ಮಕ್ಕಳಿಂದ ಪ್ರಯೋಗ ಮಾಡಿಸುವುದು ಈಗ ಮೊದಲಿಗಿಂತ ಜಾಸ್ತಿ ಆಗಿದೆ. ಬರಲಿ, ಖಂಡಿತ ಬರಲಿ. ಆದರೆ ಹೇಗೆ ಬಂದರೆ ಮಕ್ಕಳಿಗೆ ಏನಾದರೂ ಉಳಿಯುತ್ತದೆ ಅನ್ನೋದನ್ನು ನಮ್ಮ ಕಡೆಯಿಂದಲೂ ಯಾರಾದರೂ ಹೇಳಬೇಕಲ್ವಾ? ಅದಕ್ಕೇ ಬರೆಯುತ್ತಿದ್ದೇನೆ. ಬರಹ ಉದ್ದ ಇದೆ. ದಯವಿಟ್ಟು ಪೂರ್ತಿ ಓದಿ.

ಕೆಲವು ವರ್ಷಗಳ ಹಿಂದೆ ಒಂದು ವಿಶ್ವವಿದ್ಯಾಲಯದ ತಂಡ ನಮ್ಮಲ್ಲಿಗೆ ಬಂದಿತ್ತು. ಫೆಬ್ರವರಿ ಕೊನೆಯ ವಾರ. 28ನೇ ತಾರೀಕು ರಾಷ್ಟ್ರೀಯ ವಿಜ್ಞಾನ ದಿನ, 1928ರಲ್ಲಿ ಸಿ.ವಿ. ರಾಮನ್ ಬೆಳಕಿನ ಬಗ್ಗೆ ತಮ್ಮ ದೊಡ್ಡ ಶೋಧ ಮಾಡಿದ ದಿನ. ಸಂಸ್ಥೆಗಳಿಗೆ ಶಾಲೆಗಳು ನೆನಪಾಗುವುದು ಹೆಚ್ಚಾಗಿ ಆ ವಾರವೇ. ನಮಗೆ ಅದು ಎಸ್‌ಎಸ್‌ಎಲ್‌ಸಿ ಪೂರ್ವಸಿದ್ಧತಾ ಪರೀಕ್ಷೆಯ ಹೊತ್ತು. ಆದರೂ ಬಂದವರಿಗೆ ಬೇಡ ಅನ್ನಲಾಗುತ್ತದೆಯೇ? ಮಕ್ಕಳನ್ನೆಲ್ಲ ಒಂದೇ ಕೊಠಡಿಯಲ್ಲಿ ಕೂರಿಸಿದೆವು. ಬ್ಯಾನರ್ ಕಟ್ಟಿದರು, ಪ್ರೊಜೆಕ್ಟರ್ ಹಾಕಿದರು. ಒಬ್ಬರು ಬಣ್ಣ ಬದಲಾಗುವ ದ್ರಾವಣ ತೋರಿಸಿದರು. ಮಕ್ಕಳು ಜೋರಾಗಿ ಚಪ್ಪಾಳೆ ತಟ್ಟಿದರು. ಗ್ರೂಪ್ ಫೋಟೋ ಆಯಿತು. ಎರಡೂವರೆ ಗಂಟೆಯಲ್ಲಿ ಸಾಮಾನೆಲ್ಲ ಪೆಟ್ಟಿಗೆಗೆ ತುಂಬಿಕೊಂಡು ಹೊರಟರು.

ಮಾರನೇ ದಿನ ಎಂಟನೇ ತರಗತಿಯ ಹುಡುಗ ಒಬ್ಬ ಕೇಳಿದ. "ಮಿಸ್, ಆ ನೀರು ಯಾಕೆ ನೀಲಿ ಆಯ್ತು?"

ಅವರು ಏನೇನು ಬೆರೆಸಿದ್ದರು ಅಂತ ನನಗೆ ಗೊತ್ತಿರಲಿಲ್ಲ. ಫೋನ್ ಮಾಡಿ ಕೇಳಿದೆ. "ಹೇಳ್ತೀವಿ ಮೇಡಂ" ಅಂದರು. ಆಮೇಲೆ ಫೋನ್ ಬರಲಿಲ್ಲ. ಅವರು ಕೆಟ್ಟವರಲ್ಲ. ಅಷ್ಟು ದೂರದಿಂದ ಬಿಸಿಲಲ್ಲಿ ಪ್ರೀತಿಯಿಂದಲೇ ಬಂದಿದ್ದರು. ಆದರೆ ಆ ಹುಡುಗ ನಾಲ್ಕೈದು ದಿನ ಕೇಳಿ ಕೇಳಿ, ಆಮೇಲೆ ಕೇಳುವುದನ್ನೇ ಬಿಟ್ಟ. ಅದು ನನಗೆ ಈಗಲೂ ನೋವು ಕೊಡುತ್ತದೆ.

ಎರಡು ವರ್ಷ ಬಿಟ್ಟು ಇನ್ನೊಂದು ತಂಡ ಬಂತು. ಬೆಂಗಳೂರಿನಲ್ಲಿ ಪಿಎಚ್‌ಡಿ ಮಾಡುತ್ತಿದ್ದ ನಾಲ್ವರು, ಕೆಎಸ್‌ಆರ್‌ಟಿಸಿ ಬಸ್ಸಿನಲ್ಲಿ ಬಂದಿಳಿದರು. ಬ್ಯಾನರ್ ಇರಲಿಲ್ಲ, ಎರಡು ಚೀಲ ಇತ್ತು. ಅವರಲ್ಲಿ ಇಬ್ಬರಿಗೆ ಕನ್ನಡ ಬರುತ್ತಿರಲಿಲ್ಲ. ಮೊದಲ ದಿನ ಅವರು ಮಕ್ಕಳಿಗೆ ಏನನ್ನೂ ತೋರಿಸಲಿಲ್ಲ. ನನ್ನ ಜೊತೆ ಕೂತು "ಈ ತಿಂಗಳು ಯಾವ ಪಾಠ ನಡೀತಿದೆ, ಮಕ್ಕಳಿಗೆ ಎಲ್ಲಿ ಕಷ್ಟ ಆಗುತ್ತೆ" ಅಂತ ಕೇಳಿದರು. ವಿದ್ಯುತ್ ಮೋಟಾರು ಅಂದೆ. ವರ್ಷಗಟ್ಟಲೆ ನಾನು ಬೋರ್ಡಿನ ಮೇಲೆ ಆ ಚಿತ್ರ ಬರೆದಿದ್ದೇನೆ. ಸುರುಳಿ, ಎರಡು ಧ್ರುವ, ಒಡಕು ಉಂಗುರ ಅಂದರೆ ಎರಡು ಅರ್ಧವಾಗಿ ಸೀಳಿದ ಲೋಹದ ಉಂಗುರ, ಅದಕ್ಕೆ ತಾಗಿಕೊಂಡು ಕರೆಂಟ್ ಕೊಡುವ ಬ್ರಷ್. ಮಕ್ಕಳು ಅಚ್ಚುಕಟ್ಟಾಗಿ ನಕಲು ಮಾಡಿಕೊಳ್ಳುತ್ತಾರೆ. ಒಡಕು ಉಂಗುರದ ಕೆಲಸ ಏನು ಅಂದರೆ ಬಾಯಿಪಾಠ ಒಪ್ಪಿಸುತ್ತಾರೆ. ಅರ್ಥ ಆಗಿರುವುದಿಲ್ಲ.

ಮುಂದಿನ ವಾರ ಅವರು ಚೀಲ ಬಿಚ್ಚಿದರು. ಪ್ರತಿ ಗುಂಪಿಗೂ ಟಾರ್ಚಿನ ಒಂದು ಸೆಲ್ಲು, ಎರಡು ಸೇಫ್ಟಿ ಪಿನ್ನು, ಒಂದು ರಬ್ಬರ್ ಬ್ಯಾಂಡು, ಒಂದು ಸಣ್ಣ ಅಯಸ್ಕಾಂತ, ಒಂದಷ್ಟು ತಾಮ್ರದ ತಂತಿ. ಮಕ್ಕಳು ಅಯಸ್ಕಾಂತಕ್ಕೆ ಸೂಜಿಗಲ್ಲು ಅಂದಾಗ ಕನ್ನಡ ಬಾರದವರಲ್ಲಿ ಒಬ್ಬ ಹುಡುಗ ಅದನ್ನು ಪುಸ್ತಕದಲ್ಲಿ ಬರೆದುಕೊಂಡ. ಅಲ್ಲಿಂದ ಮುಂದೆ ಅವನು ಎಲ್ಲರಿಗೂ "ಅಣ್ಣ" ಆದ.

ತಂತಿಯನ್ನು ಸೆಲ್ಲಿಗೆ ಹತ್ತು ಸುತ್ತು ಸುತ್ತಿ ತೆಗೆದರೆ ಸುರುಳಿ ಸಿದ್ಧ. ಎರಡೂ ತುದಿಗಳನ್ನು ಪಿನ್ನಿನ ತೂತಿನಲ್ಲಿ ಕೂರಿಸಬೇಕು. ಪಿನ್ನುಗಳು ಸೆಲ್ಲಿನ ಎರಡು ಕಡೆಗೆ ತಾಗಿರಬೇಕು. ಸುರುಳಿಯ ಕೆಳಗೆ ಅಯಸ್ಕಾಂತ. ಇಷ್ಟೇ. ಎಲ್ಲರೂ ಮಾಡಿದರು. ಒಂದೂ ತಿರುಗಲಿಲ್ಲ.

ಆ ನಾಲ್ವರೂ ಸುಮ್ಮನೆ ನಿಂತಿದ್ದರು. ನನಗೆ ಹೇಳಿಬಿಡೋಣ ಅಂತ ನಾಲಿಗೆ ತುದಿಗೆ ಬಂದಿತ್ತು. ಅವರಲ್ಲೊಬ್ಬಳು ಕಣ್ಣಲ್ಲೇ ಬೇಡ ಅಂದಳು. ಐದು ನಿಮಿಷ ಬಿಟ್ಟು ಹಿಂದಿನ ಗುಂಪಿನ ಹುಡುಗ ಎದ್ದ. ಅವನ ಸೋದರಮಾವನದು ಮೋಟಾರ್ ವೈಂಡಿಂಗ್ ಅಂಗಡಿ. ನಮ್ಮ ಕಡೆ ಬೋರ್‌ವೆಲ್ ಮೋಟಾರು ಸುಡದ ತಿಂಗಳಿಲ್ಲ, ಅಂಗಡಿಯಲ್ಲಿ ಯಾವಾಗಲೂ ಕೆಲಸ. "ಮಿಸ್, ಈ ವೈರ್ ಮ್ಯಾಲೆ ವಾರ್ನಿಶ್ ಐತೆ. ಕೆರೀದಿದ್ರೆ ಕರೆಂಟ್ ಹೆಂಗೆ ಹೋಗ್ತೈತೆ?" ಅಂದ. ಪರೀಕ್ಷೆಯಲ್ಲಿ ವಿಜ್ಞಾನಕ್ಕೆ ಮೂವತ್ತೈದು ದಾಟದ ಹುಡುಗ ಅವನು. ಆವತ್ತು ಇಡೀ ತರಗತಿ ಅವನ ಸುತ್ತ ನಿಂತು ತಂತಿ ಕೆರೆಯುವುದನ್ನು ಕಲಿಯಿತು.

ಎಲ್ಲರೂ ಬ್ಲೇಡಿನಿಂದ ನೀಟಾಗಿ, ಸುತ್ತಲೂ ಕೆರೆದರು. ಈಗ ಸುರುಳಿ ಅಲ್ಲಾಡಿತು. ಆ ಕಡೆ ಈ ಕಡೆ ತೂಗಿ ನಿಂತುಬಿಡುತ್ತಿತ್ತು, ತಿರುಗುತ್ತಿರಲಿಲ್ಲ. ಅಷ್ಟರಲ್ಲಿ ಕಿಟಕಿ ಪಕ್ಕದ ಗುಂಪಿನಿಂದ ಕಿರುಚಾಟ. ಅವರದು ಗಿರಗಿರ ತಿರುಗುತ್ತಿತ್ತು! ಹೋಗಿ ನೋಡಿದರೆ, ಅವರ ಬ್ಲೇಡು ಮೊಂಡಾಗಿತ್ತು. ಒಂದು ತುದಿಯಲ್ಲಿ ಅರ್ಧ ಭಾಗ ಮಾತ್ರ ಕೆರೆದಿತ್ತು, ಇನ್ನರ್ಧ ವಾರ್ನಿಶ್ ಹಾಗೇ ಉಳಿದಿತ್ತು.

ಅರ್ಧಂಬರ್ಧ ಕೆರೆದದ್ದು ತಿರುಗುತ್ತದೆ, ಪೂರ್ತಿ ಕೆರೆದದ್ದು ತಿರುಗುವುದಿಲ್ಲ. ಯಾಕೆ? ಆ ಪ್ರಶ್ನೆಗೆ ಉತ್ತರ ಹುಡುಕಲು ನಮಗೆ ಮುಂದಿನ ಎರಡು ಪಿರಿಯಡ್ ಬೇಕಾಯಿತು. ಸುರುಳಿಯ ಒಂದು ಬದಿ ಅಯಸ್ಕಾಂತದ ಹತ್ತಿರ ಇದ್ದಾಗ ಬಲ ಅದನ್ನು ಮುಂದಕ್ಕೆ ತಳ್ಳುತ್ತದೆ. ಅರ್ಧ ಸುತ್ತು ಆದ ಮೇಲೆ ಇನ್ನೊಂದು ಬದಿ ಕೆಳಗೆ ಬರುತ್ತದೆ. ಆಗಲೂ ಕರೆಂಟ್ ಹರಿದರೆ ಅದೇ ಬಲ ಸುರುಳಿಯನ್ನು ಹಿಂದಕ್ಕೆ ತಳ್ಳುತ್ತದೆ. ಉಳಿದ ವಾರ್ನಿಶ್ ಸರಿಯಾಗಿ ಆ ಹೊತ್ತಿಗೆ ಕರೆಂಟನ್ನು ತಡೆಯುತ್ತದೆ. ಸುರುಳಿ ತನ್ನ ಓಟದಲ್ಲೇ ಆ ಅರ್ಧ ಸುತ್ತು ದಾಟಿಬಿಡುತ್ತದೆ. ಇದನ್ನು ಹೇಳಿದ್ದು ಒಂಬತ್ತನೇ ತರಗತಿಯ ಹುಡುಗಿ, ತನ್ನ ಮಾತಿನಲ್ಲಿ, ಕೈಯಲ್ಲಿ ಸುರುಳಿ ಹಿಡಿದು ನಿಧಾನಕ್ಕೆ ತಿರುಗಿಸಿ ತೋರಿಸುತ್ತಾ. ನಾನು ಬೋರ್ಡಿನ ಮೇಲೆ ಒಡಕು ಉಂಗುರದ ಚಿತ್ರ ಬರೆದೆ. "ಇದೂ ಅದೇ ತೊಂದರೆಗೇ ಅಲ್ವಾ ಮಿಸ್?" ಅಂದಳು. ಇದು ಅರ್ಧ ಸುತ್ತಿಗೆ ಕರೆಂಟನ್ನು ನಿಲ್ಲಿಸುವುದಿಲ್ಲ, ಅದರ ದಿಕ್ಕನ್ನು ತಿರುಗುಮುರುಗು ಮಾಡುತ್ತದೆ ಅಂದೆ. "ಹಾಗಾದ್ರೆ ಇದು ಇನ್ನೂ ಜೋರಾಗಿ ತಿರುಗುತ್ತೆ" ಅಂದಳು. ನನ್ನ ಕಣ್ಣು ತುಂಬಿ ಬಂತು.

ಆವತ್ತು ಮೂರು ಸೆಲ್ಲು ಹಾಳಾದವು. ಒಂದು ಅಯಸ್ಕಾಂತ ಬಿದ್ದು ಚೂರಾಯಿತು. ಯಾರೂ ಯಾರನ್ನೂ ಬೈಯಲಿಲ್ಲ. ಉಳಿದ ಸಾಮಾನನ್ನೆಲ್ಲ ಅವರು ನಮ್ಮಲ್ಲೇ ಬಿಟ್ಟು ಹೋದರು. ಒಂದು ತಿಂಗಳಿಗೆ ಮತ್ತೆ ಬಂದರು. ಆ ವರ್ಷ ಒಟ್ಟು ಐದು ಸಲ ಬಂದರು.

ನನ್ನ ಮಾತು ಇಷ್ಟೇ. ಮಕ್ಕಳು ಮುಟ್ಟುವುದಕ್ಕೆ, ಕೆಡಿಸುವುದಕ್ಕೆ ಸಾಮಾನು ಬೇಕು. ಕೆಟ್ಟ ಮೇಲೆ ಹುಟ್ಟುವ ಪ್ರಶ್ನೆಗೆ ಮತ್ತೆ ಬರುವ ಜನ ಬೇಕು.

ಇದು ಹೊಸ ಮಾತಲ್ಲ. 1972ರಲ್ಲಿ ಮಧ್ಯಪ್ರದೇಶದ ಹೋಶಂಗಾಬಾದ್ ಜಿಲ್ಲೆಯ 16 ಮಾಧ್ಯಮಿಕ ಶಾಲೆಗಳಲ್ಲಿ ಮಕ್ಕಳಿಂದ ಪ್ರಯೋಗ ಮಾಡಿಸಿ ವಿಜ್ಞಾನ ಕಲಿಸುವ ಒಂದು ಕಾರ್ಯಕ್ರಮ ಶುರುವಾಯಿತು. ಕಿಶೋರ್ ಭಾರತಿ ಮತ್ತು ಫ್ರೆಂಡ್ಸ್ ರೂರಲ್ ಸೆಂಟರ್ ಅನ್ನುವ ಎರಡು ಸಂಸ್ಥೆಗಳು ಅದನ್ನು ಕೈಗೆತ್ತಿಕೊಂಡವು. ಮುಂಬೈಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು, ದೆಹಲಿ ವಿಶ್ವವಿದ್ಯಾಲಯದ ಅಧ್ಯಾಪಕರು ಆ ಹಳ್ಳಿಗಳಿಗೆ ಹೋದರು. ಭಾಷಣ ಮಾಡುವುದಕ್ಕಲ್ಲ, ಮೇಷ್ಟರ ಜೊತೆ ಕೂತು ಪ್ರಯೋಗ ಮಾಡಿ ನೋಡಿ, ಪಾಠ ಬರೆಯುವುದಕ್ಕೆ. ಪ್ರಯೋಗದ ಕಿಟ್ಟು ಮಕ್ಕಳ ಕೈಗೇ ಹೋಯಿತು. ಪರೀಕ್ಷೆಯಲ್ಲೂ ಪುಸ್ತಕ ತೆರೆದು ನೋಡಬಹುದಿತ್ತು, ಪ್ರಯೋಗ ಮಾಡಿ ತೋರಿಸಬೇಕಿತ್ತು. ಮಕ್ಕಳು ತಮ್ಮ ಪ್ರಶ್ನೆಗಳನ್ನು 'ಸವಾಲಿರಾಮ್' ಅನ್ನುವ ಹೆಸರಿಗೆ ಕಾಗದ ಬರೆದು ಕಳಿಸುತ್ತಿದ್ದರು, ಉತ್ತರ ಬರುತ್ತಿತ್ತು. ಇದನ್ನು ಓದಿದಾಗಲೆಲ್ಲ ನನಗೆ ನೀಲಿ ನೀರಿನ ಹುಡುಗ ನೆನಪಾಗುತ್ತಾನೆ. ಅವನಿಗೊಬ್ಬ ಸವಾಲಿರಾಮ್ ಇದ್ದಿದ್ದರೆ!

ಅರವಿಂದ ಗುಪ್ತ ಅವರ ಆಟಿಕೆಗಳು ನಿಮ್ಮಲ್ಲಿ ಬಹಳ ಜನರಿಗೆ ಗೊತ್ತಿರಬಹುದು. ಕಾನ್ಪುರ ಐಐಟಿಯಲ್ಲಿ ಓದಿದ ಎಂಜಿನಿಯರ್ ಅವರು. ಬೆಂಕಿಕಡ್ಡಿ ಮತ್ತು ಸೈಕಲ್ಲಿನ ವಾಲ್ ಟ್ಯೂಬ್ ಸೇರಿಸಿ ಆಕಾರಗಳನ್ನು ಕಟ್ಟುವ ಆಟ ಅವರಿಗೆ ಹೊಳೆದದ್ದು ಈ ಹೋಶಂಗಾಬಾದಿನ ಕೆಲಸಕ್ಕೆ ಹೋಗಿದ್ದಾಗಲೇ. ಕಲಿಸಲು ಹೋದವರು ಅಲ್ಲಿನ ಸಂತೆಯ ಸಾಮಾನಿನಿಂದ ಕಲಿತು ಬಂದರು. ನಮ್ಮ ವೈಂಡಿಂಗ್ ಅಂಗಡಿಯ ಹುಡುಗನಿಂದ ಪಿಎಚ್‌ಡಿಯವರು ಕಲಿತ ಹಾಗೆ. 2002ರಲ್ಲಿ ಮಧ್ಯಪ್ರದೇಶ ಸರ್ಕಾರ ಹೋಶಂಗಾಬಾದಿನ ಆ ಕಾರ್ಯಕ್ರಮವನ್ನು ನಿಲ್ಲಿಸಿತು. ಮೂವತ್ತು ವರ್ಷದ ಕೆಲಸ. ನಿಲ್ಲಿಸಬಾರದಿತ್ತು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ.

"ಒಂದು ದಿನ ತೋರಿಸಿದರೂ ಮಕ್ಕಳಿಗೆ ಆಸೆ ಹುಟ್ಟುತ್ತದೆ, ಅಷ್ಟು ಸಾಕಲ್ಲವೇ" ಅಂತ ಕೇಳುವವರಿದ್ದಾರೆ. ಹುಟ್ಟುತ್ತದೆ, ಇಲ್ಲ ಅನ್ನುವುದಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, ನಮ್ಮ ಜನ ಟಾಟಾ ಇನ್‌ಸ್ಟಿಟ್ಯೂಟ್ ಅನ್ನುತ್ತಾರಲ್ಲ, ಅಲ್ಲಿ ವರ್ಷಕ್ಕೊಮ್ಮೆ ಓಪನ್ ಡೇ ಇರುತ್ತದೆ. ಆವತ್ತು ಎಲ್ಲರಿಗೂ ಬಾಗಿಲು ತೆರೆದಿರುತ್ತದೆ. ನಾನೂ ಒಂದು ಸಲ ಮಕ್ಕಳನ್ನು ಕರೆದುಕೊಂಡು ಹೋಗಿದ್ದೆ. ಬೆಳಗಿನ ಜಾವ ನಾಲ್ಕಕ್ಕೆ ಹೊರಟಿದ್ದೆವು. ದ್ರವ ಸಾರಜನಕದಲ್ಲಿ ಅದ್ದಿದ ಹೂವು ಗಾಜಿನಂತೆ ಪುಡಿಯಾದದ್ದನ್ನು ಮಕ್ಕಳು ಇವತ್ತಿಗೂ ಹೇಳುತ್ತಾರೆ. "ಇಷ್ಟು ದೊಡ್ಡ ಜಾಗದಲ್ಲಿ ಓದೋಕೆ ನಮ್ಮಂಥೋರನ್ನೂ ಬಿಡ್ತಾರಾ ಮಿಸ್?" ಅಂತ ಒಬ್ಬಳು ಕೇಳಿದಳು. ಆ ಪ್ರಶ್ನೆ ಹುಟ್ಟಿಸಿದ್ದಕ್ಕೇ ಆ ದಿನಕ್ಕೆ ಕೈ ಮುಗಿಯುತ್ತೇನೆ. ಆದರೆ ಆಸೆ ಹುಟ್ಟಿದ ಮಗು ಸೋಮವಾರ ಬರುವುದು ನನ್ನ ತರಗತಿಗೆ. ಅಲ್ಲಿ ಬೀರುವಿಗೆ ಬೀಗ ಇದ್ದರೆ?

ಅದಕ್ಕೇ ಮೊದಲು ಟೀಚರ ಕೈ ಪಳಗಬೇಕು. ಇದೇ ಸಂಸ್ಥೆ ನಮ್ಮ ಜಿಲ್ಲೆಯ ಚಳ್ಳಕೆರೆ ತಾಲ್ಲೂಕಿನ ಕುದಾಪುರದ ಹತ್ತಿರ ಶಿಕ್ಷಕರಿಗೆ ತರಬೇತಿ ಕೊಡುವ ಕೇಂದ್ರ ನಡೆಸುತ್ತಿದೆ. ಅಲ್ಲಿ ನಾವೇ ಮಕ್ಕಳಂತೆ ಲ್ಯಾಬಿನಲ್ಲಿ ನಿಂತು ಪ್ರಯೋಗ ಮಾಡುತ್ತೇವೆ. ಎಷ್ಟೋ ಜನ ಟೀಚರ್‌ಗಳು ಡಿಗ್ರಿ ಮುಗಿಸಿದ ಮೇಲೆ ಉಪಕರಣ ಹಿಡಿದದ್ದೇ ಅಲ್ಲಿ. ಈ ಕೆಲಸ ಪ್ರತಿ ಜಿಲ್ಲೆಯಲ್ಲೂ ಆಗಬೇಕು. ಈಗ ಹೆಚ್ಚುಕಡಿಮೆ ಎಲ್ಲ ಕಡೆ ಒಂದಲ್ಲ ಒಂದು ವಿಶ್ವವಿದ್ಯಾಲಯ ಇದೆಯಲ್ಲ.

ಮೈಕೆಲ್ ಫ್ಯಾರಡೆಯ ಕಥೆಯನ್ನು ಮಕ್ಕಳಿಗೆ ಹೇಳುತ್ತಿರುತ್ತೇನೆ. ಕಮ್ಮಾರನ ಮಗ, ಪುಸ್ತಕಕ್ಕೆ ರಟ್ಟು ಕಟ್ಟುವ ಅಂಗಡಿಯಲ್ಲಿ ಕೆಲಸ ಕಲಿಯುತ್ತಿದ್ದ ಹುಡುಗ. 1812ರಲ್ಲಿ ಅಂಗಡಿಯ ಗಿರಾಕಿಯೊಬ್ಬರು ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಆಗಿನ ಹೆಸರಾಂತ ರಸಾಯನ ವಿಜ್ಞಾನಿ ಹಂಫ್ರಿ ಡೇವಿಯ ಉಪನ್ಯಾಸಗಳಿಗೆ ಟಿಕೆಟ್ ಕೊಟ್ಟರು. ಒಂದಲ್ಲ, ನಾಲ್ಕು ಉಪನ್ಯಾಸಕ್ಕೆ. ಹುಡುಗ ಬರೆದುಕೊಂಡ, ರಟ್ಟು ಹಾಕಿ ಡೇವಿಗೇ ಕಳಿಸಿದ. ಮುಂದಿನ ವರ್ಷ ಅಲ್ಲೇ ಸಹಾಯಕನಾಗಿ ಸೇರಿದ. 1821ರಲ್ಲಿ ಕರೆಂಟ್ ಹರಿಯುವ ತಂತಿ ಅಯಸ್ಕಾಂತದ ಸುತ್ತ ತಿರುಗುವಂತೆ ಮಾಡಿ ತೋರಿಸಿದ. ನಮ್ಮ ಸೇಫ್ಟಿ ಪಿನ್ನಿನ ಮೋಟಾರಿನ ಅಜ್ಜ ಅದು. ದೊಡ್ಡವನಾದ ಮೇಲೆ ಅದೇ ಜಾಗದಲ್ಲಿ ಮಕ್ಕಳಿಗಾಗಿ ಹಲವು ವರ್ಷ ಕ್ರಿಸ್‌ಮಸ್ ಉಪನ್ಯಾಸ ಕೊಟ್ಟ. ಕಿಟಕಿ ಪಕ್ಕದ ಗುಂಪಿನ ಹುಡುಗಿಯರು ಈ ಕಥೆಯನ್ನು ಮೂರು ಸಲ ಹೇಳಿಸಿಕೊಂಡಿದ್ದಾರೆ.

ಹಾಗಾಗಿ ವಿಶ್ವವಿದ್ಯಾಲಯಗಳ ದೊಡ್ಡವರಲ್ಲಿ ನನ್ನ ಬೇಡಿಕೆ. ಫೆಬ್ರವರಿಯಲ್ಲಿ ಬರಬೇಡಿ, ಜೂನ್, ಜುಲೈಯಲ್ಲಿ ಬನ್ನಿ. ಆಗ ವರ್ಷ ಪೂರ್ತಿ ಕೈಯಲ್ಲಿರುತ್ತದೆ. ಹತ್ತನೆಯವರಿಗಿಂತ ಮೊದಲು ಎಂಟು, ಒಂಬತ್ತರ ಮಕ್ಕಳ ಜೊತೆ ಕೂರಿ. ತಂದದ್ದನ್ನು ಬಿಟ್ಟು ಹೋಗಿ. ಬಿಟ್ಟು ಹೋಗುವಾಗ "ಇದು ಬಳಸಿ ಮುಗಿಯುವ ವಸ್ತು" ಅಂತ ಒಂದು ಚೀಟಿ ಬರೆದುಕೊಡಿ, ನಮ್ಮ ಟೀಚರ್‌ಗಳ ಅರ್ಧ ಭಯ ಹೋಗುತ್ತದೆ. ಶಾಲೆಗೆ ಬರುವ ನಿಮ್ಮ ಸಂಶೋಧನಾ ವಿದ್ಯಾರ್ಥಿಗಳಿಗೆ ಬಸ್ ಚಾರ್ಜು ಕೊಡಿ, ಆ ದಿನವನ್ನು ಕೆಲಸದ ದಿನ ಅಂತ ಲೆಕ್ಕ ಹಾಕಿ. ನಮ್ಮಲ್ಲಿಗೆ ಬಂದ ಆ ನಾಲ್ವರು ಸ್ವಂತ ದುಡ್ಡಿನಲ್ಲಿ, ರಜೆಯ ಶನಿವಾರಗಳಲ್ಲಿ ಬರುತ್ತಿದ್ದರು. ಅದು ಸರಿಯಲ್ಲ.

ಅವರಲ್ಲಿ ಇಬ್ಬರು ಪಿಎಚ್‌ಡಿ ಮುಗಿಸಿ ಹೋದರು. ಈ ವರ್ಷ ಅವರ ಜಾಗಕ್ಕೆ ಹೊಸಬರು ಬರುತ್ತಿದ್ದಾರೆ, ಜುಲೈ ಎರಡನೇ ಶನಿವಾರ. ಬೀರುವಿನ ಬೀಗದ ಕೈ ಈಗ ತರಗತಿಯ ಬಾಗಿಲ ಪಕ್ಕದ ಮೊಳೆಯ ಮೇಲಿದೆ. ಬರುವವರಿಗೆ ಕೇಳಬೇಕು ಅಂತ ಮಕ್ಕಳು ಒಂದು ನೋಟ್‌ಬುಕ್ಕಿನಲ್ಲಿ ಪ್ರಶ್ನೆ ಬರೆದಿಡುತ್ತಿದ್ದಾರೆ. ಮೊದಲನೇ ಪುಟದ ಪ್ರಶ್ನೆ ಆ ವೈಂಡಿಂಗ್ ಅಂಗಡಿಯ ಹುಡುಗನದು. ನನಗೆ ಅದನ್ನು ಹೀಗೆ ಹೇಳಿದ್ದ: "ಮಿಸ್, ನಮ್ ಮಾವನ ಅಂಗಡೀಲಿ ಎಷ್ಟೊಂದು ಬೋರ್ ಮೋಟ್ರು ಬಿಚ್ಚಿದೀನಿ. ಒಂದ್ರಲ್ಲೂ ಸೂಜಿಗಲ್ಲೇ ಇಲ್ಲ. ಮತ್ತೆ ಅದು ಹೆಂಗೆ ತಿರುಗ್ತೈತೆ?"